ಓದುಗರ ಪ್ರಶ್ನೆ, ವೈದ್ಯರ ಉತ್ತರ: ವ್ಯಾಯಾಮದ ಮರುದಿನ ಕಾಡುವ ಕಾಲುನೋವು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಕಾಲಿನ ಸ್ನಾಯುಗಳ ನೋವನ್ನು ಕುರಿತ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ನೋವಿನ ಮೂಲವನ್ನು ಅಲ್ಲಿಯೇ ವಿವರಿಸಿರುವುದರಿಂದ ಉಳಿದ ಮೂವರೂ ಅದನ್ನು ಓದಿಕೊಂಡು ತಮ್ಮ ಉತ್ತರಕ್ಕೆ ಬರಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಬದಿಯಡ್ಕ ಸಮೀಪದ 23 ವರ್ಷದ ಯುವಕ. ಕೇರಳ ಪಿ.ಎಸ್.ಸಿ.ಯ ಪೊಲೀಸ್ ಹುದ್ದೆಯ ಲಿಖಿತ ಪರೀಕ್ಷೆ ಮುಗಿದಿದೆ. ದೈಹಿಕ ಪರೀಕ್ಷೆಗೆ ಇನ್ನೂ ಮೂರು ತಿಂಗಳು ಇರಬಹುದೆಂದು ಹೇಳುತ್ತಾರೆ. ಓಟ ಬಿಟ್ಟು ಬಹಳ ಕಾಲವಾಗಿದ್ದ ನಾನು ಕಳೆದ ಭಾನುವಾರ ಗೆಳೆಯರೊಂದಿಗೆ ಶಾಲೆಯ ಮೈದಾನದಲ್ಲಿ 1500 ಮೀಟರನ್ನು ಎರಡು ಸಲ ಓಡಿದೆ, 150 ಬಸ್ಕಿ ಹೊಡೆದೆ, ಆಮೇಲೆ ಗುಡ್ಡದ ಮೆಟ್ಟಿಲುಗಳನ್ನು ಹತ್ತಿಳಿದೆ. ಮರುದಿನ ಬೆಳಿಗ್ಗೆ ಸ್ವಲ್ಪ ಬಿಗಿತವಿತ್ತು. ಅದರ ಮರುದಿನ ಮಾತ್ರ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಶೌಚಕ್ಕೆ ಕುಳಿತರೆ ಏಳಲಾಗುವುದಿಲ್ಲ. ರಸ್ತೆಯಿಂದ ಮನೆಗೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದೇನೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ಇನ್ನೂ ಜೋರಾಗಿ ಓಡಿದರೆ ಕರಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಮುರಿವೆಣ್ಣ ತೈಲ ಹಚ್ಚಿ ಚೆನ್ನಾಗಿ ತಿಕ್ಕಿಸಿಕೋ ಎನ್ನುತ್ತಾರೆ ಅಜ್ಜಿ. ಅಭ್ಯಾಸ ನಿಲ್ಲಿಸಲೇ, ಮುಂದುವರಿಸಲೇ? ಬೇಗ ಗುಣವಾಗಲು ಏನು ಮಾಡಬೇಕು?

ಉತ್ತರ: ಈ ಉತ್ತರ ಅಚ್ಚಾಗುವ ಹೊತ್ತಿಗೆ ನಿಮ್ಮ ನೋವು ಇಳಿದಿರುತ್ತದೆ. ಹಾಗೆಂದು ಖಚಿತವಾಗಿ ಹೇಳಲು ನೀವು ಬರೆದಿರುವ ವಿವರಗಳೇ ಸಾಕು. ಅಭ್ಯಾಸವಿಲ್ಲದ ದೇಹವನ್ನು ಒಮ್ಮೆಲೇ ದಣಿಸಿದಾಗ ಬರುವ ಈ ನೋವಿಗೆ ಅದರದೇ ಆದ ಗತಿಯಿದೆ. ವ್ಯಾಯಾಮ ಮುಗಿದ 12ರಿಂದ 24 ಗಂಟೆಗಳಲ್ಲಿ ಬಿಗಿತವಾಗಿ ಶುರುವಾಗಿ, ಎರಡನೆಯ ಅಥವಾ ಮೂರನೆಯ ದಿನ ಅತಿ ಹೆಚ್ಚಾಗಿ, ಅಲ್ಲಿಂದ ಇಳಿಯುತ್ತಾ ಐದಾರು ದಿನಗಳಲ್ಲಿ, ಬಹಳವಾದರೆ ಒಂದು ವಾರದಲ್ಲಿ ತಾನಾಗಿ ಹೋಗುತ್ತದೆ. ಎರಡೂ ಕಾಲುಗಳಲ್ಲಿ ಸರಿಸುಮಾರು ಸಮನಾಗಿರುತ್ತದೆ, ಸುಮ್ಮನೆ ಕುಳಿತಿದ್ದಾಗ ಕಡಿಮೆಯಿದ್ದು ಸ್ನಾಯುವನ್ನು ಒತ್ತಿದಾಗ ಅಥವಾ ಹಿಗ್ಗಿಸಿದಾಗ ಎದ್ದು ಕಾಣುತ್ತದೆ. ಓಡುತ್ತಿರುವಾಗಲೇ ಛಳಕ್ಕೆಂದು ಹಿಡಿದು, ಒಂದೇ ಜಾಗದಲ್ಲಿ ನಿಂತು, ಅಲ್ಲಿ ನೀಲಿಗಟ್ಟಿದ ಕಲೆ ಮೂಡಿಸುವ ನೋವು ಬೇರೆ. ಅದು ಸ್ನಾಯು ಹರಿದುದರ ಲಕ್ಷಣವಾದುದರಿಂದ ಅದಕ್ಕೆ ಪರೀಕ್ಷೆ ಬೇಕು.

ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಪರಿಹಾರದ ಅರ್ಧ ದಾರಿ ಸಾಗಿದಂತೆ. ಸ್ನಾಯು ಕೆಲಸ ಮಾಡುವ ಬಗೆ ಎರಡು. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು, ಬಾವಿಗೆ ಕೊಡಪಾನ ಇಳಿಸುವವರು ಹಗ್ಗವನ್ನು ಬಿಗಿ ಹಿಡಿದೇ ಸ್ವಲ್ಪ ಸ್ವಲ್ಪವಾಗಿ ಬಿಡುವಂತೆ, ಭಾರವನ್ನು ತಡೆದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಹೀಗೆ ಹಿಗ್ಗುತ್ತಾ ಭಾರ ತಡೆಯುವ ಕೆಲಸದಲ್ಲಿ ಸ್ನಾಯುವಿನ ಅತಿ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಜಗ್ಗಿ ಘಾಸಿಗೊಳ್ಳುತ್ತವೆ. ಘಾಸಿಯಾದ ಕಡೆ ದೇಹ ದುರಸ್ತಿಗೆ ತೊಡಗುತ್ತದೆ, ನೀರು ತುಂಬಿ ಸ್ವಲ್ಪ ಊತ ಬರುತ್ತದೆ, ಸುತ್ತಲಿನ ನರತುದಿಗಳು ಸೂಕ್ಷ್ಮವಾಗುತ್ತವೆ. ಈ ದುರಸ್ತಿಗೆ ಹೊತ್ತು ಹಿಡಿಯುವುದರಿಂದಲೇ ನೋವು ಭಾನುವಾರ ಬಾರದೆ ಮಂಗಳವಾರ ಬಂದಿತು. ಬಸ್ಕಿ ಹೊಡೆಯುವಾಗ ಕೆಳಗೆ ಕೂರುವ ಅರ್ಧ, ಮೆಟ್ಟಿಲ ಇಳಿತ, ಓಟದಲ್ಲಿ ಪಾದ ನೆಲಕ್ಕೆ ಬಿದ್ದೊಡನೆ ಮಂಡಿ ಬಾಗುವ ಕ್ಷಣ, ಇವೆಲ್ಲ ಇದೇ ಬಗೆಯ ಕೆಲಸಗಳು. ನೀವು ಒಂದೇ ಬೆಳಿಗ್ಗೆ ಮೂರನ್ನೂ ಮಾಡಿದ್ದೀರಿ.

ನಿಮ್ಮ ಗೆಳೆಯರು ಹೇಳಿದ ಲ್ಯಾಕ್ಟಿಕ್ ಆಮ್ಲದ ಮಾತು ನಮ್ಮ ಕ್ರೀಡಾಕೂಟಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಜೋರಾಗಿ ಓಡಿದಾಗ ರಕ್ತದಲ್ಲಿ ಅದರ ಅಂಶ ಏರುವುದು ನಿಜ. ಆದರೆ ಓಟ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿರುತ್ತದೆ. ಎರಡು ದಿನ ಕಳೆದು ಬರುವ ನೋವಿಗೆ ಅದನ್ನು ಹೊಣೆ ಮಾಡಲಾಗದು. ಇನ್ನೂ ಒಂದು ಮಾತಿದೆ. ಗುಡ್ಡ ಹತ್ತುವಾಗ ಏದುಸಿರು ಹೆಚ್ಚು, ಈ ಆಮ್ಲವೂ ಹೆಚ್ಚು. ಇಳಿಯುವಾಗ ಎರಡೂ ಕಡಿಮೆ, ಆದರೂ ಮರುದಿನದ ನೋವು ಇಳಿದುದರಿಂದಲೇ ಹೆಚ್ಚಾಗಿ ಬರುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ ಅವರು 1902ರಲ್ಲಿಯೇ ಈ ತಡವಾದ ನೋವಿಗೆ ಸ್ನಾಯುವಿನೊಳಗೆ ಎಳೆಗಳು ಹರಿದುದೇ ಕಾರಣವಿರಬೇಕೆಂದು ಬರೆದಿದ್ದರು. ಆದುದರಿಂದ ಕರಗಿಸಲು ಒಳಗೆ ಏನೂ ಕಟ್ಟಿಕೊಂಡಿಲ್ಲ. ನೋಯುವ ಕಾಲಿನಲ್ಲಿ ಜೋರಾಗಿ ಓಡಿದರೆ ದುರಸ್ತಿಯಾಗುತ್ತಿರುವ ಎಳೆಗಳ ಮೇಲೆ ಮತ್ತೆ ಭಾರ ಬೀಳುತ್ತದೆ, ಅಷ್ಟೇ. ಈ ದಿನಗಳಲ್ಲಿ ಸ್ನಾಯುವಿನ ಬಲವೂ ಕುಂದಿರುತ್ತದೆ. ಮೆಟ್ಟಿಲ ಮೇಲೆ ಮಂಡಿ ಕೈಕೊಟ್ಟು ಬೀಳುವ ಸಾಧ್ಯತೆಯನ್ನು ಹಗುರವಾಗಿ ಕಾಣಬೇಡಿ.

ಹಾಗಾದರೆ ಮಲಗಿಯೇ ಇರಬೇಕೇ? ಅದೂ ಬೇಡ. ಈ ನೋವಿಗೆ ನಾನು ಮೊದಲು ಹೇಳುವ ಮದ್ದು ನಿಧಾನವಾದ ನಡಿಗೆ. ಸಮನೆಲದಲ್ಲಿ ಹದಿನೈದು ಇಪ್ಪತ್ತು ನಿಮಿಷ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆಯಿರಿ. ಸೈಕಲ್ ಇದ್ದರೆ ಏರುತಗ್ಗಿಲ್ಲದ ದಾರಿಯಲ್ಲಿ ಹಗುರವಾಗಿ ತುಳಿಯಿರಿ. ಮೊದಲ ಐದು ನಿಮಿಷ ಕಾಲು ಹಟ ಮಾಡುತ್ತದೆ, ಆಮೇಲೆ ರಕ್ತಸಂಚಾರ ಹೆಚ್ಚಿ ಬಿಗಿತ ಸಡಿಲವಾಗುತ್ತದೆ. ಕುಳಿತೊಡನೆ ನೋವು ಸ್ವಲ್ಪ ಮರಳಬಹುದು. ಅದರಿಂದ ಕೆಟ್ಟದ್ದೇನೂ ಆಗಿಲ್ಲವೆಂದು ತಿಳಿಯಿರಿ. ನಡೆಯುತ್ತಾ ಹೋದಂತೆ ನೋವು ಏರಿದರೆ ಮಾತ್ರ ನಿಲ್ಲಿಸಬೇಕು.

ಅಜ್ಜಿಯ ಮಾತಿನಲ್ಲಿ ತಥ್ಯವಿದೆ, ಒಂದು ತಿದ್ದುಪಡಿಯೊಂದಿಗೆ. ಹದವಾಗಿ ನೀವುವುದರಿಂದ ಈ ನೋವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ. ಮುರಿವೆಣ್ಣ, ಕೊಟ್ಟಂಚುಕ್ಕಾದಿ, ಮನೆಯಲ್ಲಿ ಆಡಿಸಿದ ತೆಂಗಿನೆಣ್ಣೆ, ಯಾವುದಾದರೂ ಆಗಬಹುದು. ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಕೈ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಮಡಚಿದ ಬೈರಾಸನ್ನು ಇಟ್ಟುಕೊಂಡರೆ ತೊಡೆಯ ಸ್ನಾಯು ಸಡಿಲಗೊಳ್ಳುತ್ತದೆ. ಅಂಗೈಯನ್ನು ಪೂರ್ತಿ ಊರಿ ಮೀನಖಂಡದಲ್ಲಿ ಹರಡಿನಿಂದ ಮಂಡಿಯ ಕಡೆಗೆ, ತೊಡೆಯಲ್ಲಿ ಮಂಡಿಯಿಂದ ಸೊಂಟದ ಕಡೆಗೆ, ಪ್ರತಿ ಕಾಲಿಗೆ ಹತ್ತು ನಿಮಿಷ ನಿಧಾನವಾಗಿ ನೀವಿರಿ. ‘ಚೆನ್ನಾಗಿ ತಿಕ್ಕುವುದು’ ಎಂದರೆ ಹೆಬ್ಬೆರಳಿನಿಂದ ಒತ್ತಿ ಕಣ್ಣಲ್ಲಿ ನೀರು ತರಿಸುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಘಾಸಿಗೊಂಡ ಎಳೆಗಳನ್ನು ಹಾಗೆ ಹಿಂಡುವುದು ಸರಿಯಲ್ಲ, ಮೊದಲ ಎರಡು ದಿನವಂತೂ ಖಂಡಿತ ಬೇಡ.

ನೀವಿದ ಬಳಿಕ ಬಿಸಿನೀರಿನ ಸ್ನಾನ ಹಿತ ಕೊಡುತ್ತದೆ. ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಹಾಕಿ ಕುದಿಸಿದ ನೀರನ್ನು ಮೀಯಲು ಬಳಸುವ ಮನೆಗಳು ನಮ್ಮಲ್ಲಿ ಈಗಲೂ ಇವೆ, ಅದಕ್ಕೆ ನನ್ನ ಅಡ್ಡಿಯಿಲ್ಲ. ಬಿಸಿಯೇ ಬಿಗಿತವನ್ನು ಸಡಿಲಿಸುತ್ತದೆ. ಓಟಗಾರರು ಮಂಜಿನ ನೀರಿನ ತೊಟ್ಟಿಯಲ್ಲಿ ಕೂರುವುದನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. 10ರಿಂದ 15 ಡಿಗ್ರಿ ಸೆಲ್ಸಿಯಸ್ ತಂಪಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲು ಮುಳುಗಿಸಿದರೆ ನೋವು ಸ್ವಲ್ಪ ತಗ್ಗುತ್ತದೆಂಬುದಕ್ಕೆ ಆಧಾರವಿದೆ. ನಮ್ಮ ಬಾವಿಯ ನೀರು ಅಷ್ಟು ತಣ್ಣಗಿರುವುದಿಲ್ಲ, ಮಂಜುಗಡ್ಡೆ ತಂದು ಸುರಿಯುವಷ್ಟು ದೊಡ್ಡ ಲಾಭವೂ ಅದರಲ್ಲಿಲ್ಲ. ನಿಮಗೆ ಯಾವುದು ಹಿತವೋ ಅದನ್ನು ಮಾಡಿ.

ಕಾಲು ಚಾಚಿ ಸ್ನಾಯು ಎಳೆಯುವ ವ್ಯಾಯಾಮಗಳಿಂದ ಈ ನೋವು ತಪ್ಪುತ್ತದೆ ಎಂಬ ನಂಬಿಕೆ ಬಲವಾಗಿದೆ. ಓಟಕ್ಕೆ ಮೊದಲು ಮಾಡಿದರೂ ಆಮೇಲೆ ಮಾಡಿದರೂ ಅದರಿಂದ ಆಗುವ ವ್ಯತ್ಯಾಸ ಗಮನಕ್ಕೆ ಬರುವಷ್ಟಿಲ್ಲ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಮೈ ಸಡಿಲವಾಗಿರಲೆಂದು ಮಾಡುವುದಿದ್ದರೆ ಮಾಡಿ, ನೋಯುವ ದಿನಗಳಲ್ಲಿ ಬಲವಂತವಾಗಿ ಎಳೆಯಬೇಡಿ. ಮಾತ್ರೆಯ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ರಾತ್ರಿ ನಿದ್ರೆ ಬಾರದಷ್ಟು ನೋವಿದ್ದರೆ ಒಂದೆರಡು ದಿನದ ಮಟ್ಟಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳನ್ನು ಔಷಧದಂಗಡಿಯಿಂದ ತಾವೇ ಕೇಳಿ ತಂದು, ಬೆವರಿ ನೀರು ಕಳೆದುಕೊಂಡ ದೇಹಕ್ಕೆ, ಖಾಲಿ ಹೊಟ್ಟೆಗೆ ನುಂಗುವುದು ಮೂತ್ರಪಿಂಡಕ್ಕೂ ಜಠರಕ್ಕೂ ಅಪಾಯ. ನೋವು ಬಾರದಿರಲೆಂದು ಓಟಕ್ಕೆ ಮೊದಲೇ ನುಂಗಿ ಹೊರಡುವ ರೂಢಿ ಕೆಲವು ಯುವಕರಲ್ಲಿ ಇದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದುರಸ್ತಿಗೆ ಪ್ರೋಟೀನ್ ಬೇಕು, ಅದಕ್ಕೆ ದುಬಾರಿ ಪುಡಿಯ ಡಬ್ಬಿ ಬೇಡ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಹೆಸರುಕಾಳಿನ ಪಲ್ಯ, ಮಧ್ಯಾಹ್ನ ಮೊಸರು ಅಥವಾ ಮೀನು, ಒಂದೆರಡು ಮೊಟ್ಟೆ, ಹಾಲು, ಹೀಗೆ ದಿನದ ಮೂರು ಹೊತ್ತಿಗೂ ಹಂಚಿಕೊಂಡರೆ ಸಾಕು. ಬಾಯಾರಿಕೆಗೆ ತಕ್ಕಷ್ಟು ನೀರು, ಮಜ್ಜಿಗೆ, ಬೊಂಡ ಕುಡಿಯಿರಿ, ರಾತ್ರಿ ಚೆನ್ನಾಗಿ ನಿದ್ರಿಸಿ.

ಈಗ ಇಡೀ ಉತ್ತರದಲ್ಲಿ ಅತ್ಯಂತ ಮುಖ್ಯವಾದ ಮಾತು. ಒಮ್ಮೆಲೇ ನೂರಾರು ಬಸ್ಕಿ ಹೊಡೆದವರಲ್ಲಿ, ಅದರಲ್ಲೂ ಬಿಸಿಲಿನಲ್ಲಿ ನೀರು ಕುಡಿಯದೆ ದಣಿದವರಲ್ಲಿ, ಅಪರೂಪಕ್ಕೆ ಸ್ನಾಯುವಿನ ಎಳೆಗಳು ದೊಡ್ಡ ಪ್ರಮಾಣದಲ್ಲಿ ಒಡೆದು ಅವುಗಳೊಳಗಿನ ಕೆಂಪು ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಲು ಹೊರಟ ಮೂತ್ರಪಿಂಡಗಳು ಕೆಟ್ಟುಹೋಗುವ ಅಪಾಯವಿದೆ. ಮೂತ್ರ ಹಾಲು ಹಾಕದ ಕಡು ಚಹಾದ ಬಣ್ಣಕ್ಕೆ ತಿರುಗುವುದು, ಮೂತ್ರದ ಪ್ರಮಾಣ ತೀರಾ ಇಳಿಯುವುದು, ತೊಡೆ ಬಿಗಿದು ಊದಿಕೊಳ್ಳುವುದು, ಸಹಿಸಲಾಗದ ನೋವು, ಕಾಲನ್ನು ಎತ್ತಲೂ ಬಲವಿಲ್ಲದಿರುವುದು ಇದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಎಣ್ಣೆ, ಶಾಖವೆಂದು ಹೊತ್ತು ಕಳೆಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕ್ರಿಯಾಟಿನ್ ಕೈನೇಸ್ ಎಂಬ ಒಂದು ರಕ್ತಪರೀಕ್ಷೆಯಿಂದ ವಿಷಯ ತಿಳಿಯುತ್ತದೆ. ಬೇಗ ಬಂದವರಿಗೆ ರಕ್ತನಾಳದ ಮೂಲಕ ದ್ರವ ಕೊಟ್ಟು ಮೂತ್ರಪಿಂಡಗಳನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ತಂಡ ಕಟ್ಟಿಕೊಂಡು ಅಭ್ಯಾಸ ಮಾಡುವ ಯುವಕರೆಲ್ಲರಿಗೂ ಇದು ತಿಳಿದಿರಬೇಕು, ಏಕೆಂದರೆ ಹಟಕ್ಕೆ ಬಿದ್ದು ಎಣಿಕೆ ಏರಿಸುವುದು ತಂಡದಲ್ಲಿರುವಾಗಲೇ ಹೆಚ್ಚು.

ಮುಂದಿನ ಅಭ್ಯಾಸಕ್ಕೆ ಮೂರು ತಿಂಗಳು ಧಾರಾಳವಾಯಿತು. ನಿಮ್ಮ ಪರೀಕ್ಷೆಯಲ್ಲಿ ಎಂಟು ಸ್ಪರ್ಧೆಗಳಿದ್ದು ಐದರಲ್ಲಿ ತೇರ್ಗಡೆಯಾಗಬೇಕು. ಗುಂಡೆಸೆತ, ಕ್ರಿಕೆಟ್ ಚೆಂಡಿನ ಎಸೆತ, ಹಗ್ಗ ಹತ್ತುವುದು, ಸರಳಿಗೆ ಜೋತು ಮೈ ಎತ್ತುವುದು, ಈ ನಾಲ್ಕಕ್ಕೆ ಮುಖ್ಯವಾಗಿ ಬೇಕಾದುದು ತೋಳು, ಭುಜ, ಬೆನ್ನುಗಳ ಬಲ. ಕಾಲು ನೋಯುವ ದಿನಗಳನ್ನು ಇವುಗಳಿಗೆ ಕೊಡಿ, ಅಲ್ಲಿಯೂ ಮೊದಲ ದಿನವೇ ಅತಿ ಮಾಡದೆ. ಕಾಲುನೋವು ಪೂರ್ತಿ ಇಳಿದ ಮೇಲೆ ಆ ಭಾನುವಾರ ಮಾಡಿದ್ದರ ಅರ್ಧದಿಂದ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ: 1500 ಮೀಟರನ್ನು ಮಾತಾಡುತ್ತಾ ಓಡಬಲ್ಲ ವೇಗದಲ್ಲಿ ಒಮ್ಮೆ, ಹದಿನೈದರಂತೆ ಎರಡು ಸುತ್ತು ಬಸ್ಕಿ. ಓಟದ ದಿನಗಳ ನಡುವೆ ಒಂದೊಂದು ದಿನ ಬಿಡುವಿರಲಿ. ಒಮ್ಮೆ ಹೀಗೆ ನೊಂದು ಸುಧಾರಿಸಿಕೊಂಡ ಸ್ನಾಯು ಅದೇ ಕೆಲಸಕ್ಕೆ ಮುಂದಿನ ಹಲವು ವಾರಗಳವರೆಗೆ ಅಷ್ಟು ನೋಯುವುದಿಲ್ಲ. ಇದು ದೇಹದ ಸಹಜ ಗುಣ, ಇದನ್ನು ನಂಬಿಕೊಂಡು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. 1500 ಮೀಟರನ್ನು 5 ನಿಮಿಷ 44 ಸೆಕೆಂಡಿನಲ್ಲಿ ಮುಗಿಸಬೇಕಾದ ವೇಗದ ಓಟವನ್ನು ಎರಡನೆಯ ತಿಂಗಳಿನಿಂದ ಸೇರಿಸಿಕೊಂಡರೆ ಸಾಕು. ಪರೀಕ್ಷೆಗೆ ಹಿಂದಿನ ವಾರ ಹೊಸ ವ್ಯಾಯಾಮ ಯಾವುದನ್ನೂ ಮಾಡಬೇಡಿ. ಮೂರನೆಯ ದಿನದ ನೋವು ಪರೀಕ್ಷೆಯ ದಿನಕ್ಕೆ ಬಂದು ಕೂತರೆ ಇಷ್ಟು ದಿನದ ಶ್ರಮ ವ್ಯರ್ಥವಾದೀತು.

ಪ್ರಶ್ನೆ: ನನಗೆ 54 ವರ್ಷ, ಪೆರ್ಲದ ಗೃಹಿಣಿ. ರಜೆಯಲ್ಲಿ ಬಂದ ತಂಗಿಯ ಮಕ್ಕಳೊಂದಿಗೆ ಪೊಸಡಿ ಗುಂಪೆಗೆ ಹೋಗಿದ್ದೆ. ಹತ್ತುವಾಗ ದಣಿವಾಯಿತೇ ಹೊರತು ನೋವಿರಲಿಲ್ಲ. ಇಳಿಯುವಾಗ ಮಂಡಿಗಳು ನಡುಗಿದವು. ಆಮೇಲೆ ನಾಲ್ಕು ದಿನ ತೊಡೆಯ ಮುಂಭಾಗ ಮುಟ್ಟಲಾಗದಷ್ಟು ನೋವು. ನಾನು ಸಕ್ಕರೆ ಕಾಯಿಲೆಗೂ ಕೊಲೆಸ್ಟರಾಲಿಗೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೊಲೆಸ್ಟರಾಲ್ ಮಾತ್ರೆಯಿಂದ ಸ್ನಾಯುನೋವು ಬರುತ್ತದೆ ಎಂದು ನೆರೆಮನೆಯವರು ಹೇಳಿದ್ದರಿಂದ ಎರಡು ವಾರದಿಂದ ಅದನ್ನು ನಿಲ್ಲಿಸಿದ್ದೇನೆ. ಸರಿಯೇ?

ಉತ್ತರ: ಅಮ್ಮಾ, ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಿದ್ದು ಸರಿಯಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಆ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುಗಳಿಂದ ರಕ್ಷಣೆ ಕೊಡುತ್ತದೆ. ಈ ವಾರವೇ ನಿಮ್ಮ ವೈದ್ಯರನ್ನು ಕಂಡು, ನಡೆದುದನ್ನು ಹೇಳಿ, ಮತ್ತೆ ಶುರುಮಾಡುವ ಬಗ್ಗೆ ಕೇಳಿ.

ನೆರೆಮನೆಯವರು ಹೇಳಿದ್ದರಲ್ಲಿ ಸತ್ಯಾಂಶವಿದೆ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಮಾತ್ರೆಗಳು ಕೆಲವರಲ್ಲಿ ತೊಡೆ, ಸೊಂಟ, ಭುಜಗಳ ದೊಡ್ಡ ಸ್ನಾಯುಗಳಲ್ಲಿ ನೋವು ತರುತ್ತವೆ. ಆ ನೋವು ಗುಡ್ಡ ಹತ್ತಿದ್ದಕ್ಕೂ ಇಳಿದದ್ದಕ್ಕೂ ಕಾದು ಕೂರುವುದಿಲ್ಲ. ದಣಿವಿನ ಕೆಲಸವೇನೂ ಮಾಡದೆ ವಾರಗಟ್ಟಲೆ ಉಳಿಯುತ್ತದೆ. ನಿಮ್ಮದು ಗುಡ್ಡ ಇಳಿದ ಮೇಲೆ ಬಂದು, ನಾಲ್ಕು ದಿನ ಇದ್ದು, ಹೊರಟು ಹೋಗಿದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗಕ್ಕೆ ಏನಾಗುತ್ತದೆಂದು ಮೇಲಿನ ಉತ್ತರದಲ್ಲಿ ಬರೆದಿದ್ದೇನೆ, ನಿಮ್ಮ ಅನುಭವ ಅದಕ್ಕೆ ಅಕ್ಷರಶಃ ಹೊಂದುತ್ತದೆ. ಆದರೂ ವೈದ್ಯರ ಬಳಿ ಹೋದಾಗ ಸ್ನಾಯುನೋವಿನ ವಿಷಯವನ್ನು ಬಿಡದೆ ಹೇಳಿ. ಅಗತ್ಯ ಕಂಡರೆ ಅವರು ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಕೊರತೆ, ಡಿ ಜೀವಸತ್ವದ ಕೊರತೆ ಇದೆಯೇ ಎಂದೂ ನೋಡಿಯಾರು. ಮಾತ್ರೆಯ ಪ್ರಮಾಣ ಬದಲಿಸುವುದು, ಬೇರೆ ಮಾತ್ರೆ ಕೊಡುವುದು ಅವರ ಕೈಯಲ್ಲಿದೆ.

ಸಕ್ಕರೆ ಕಾಯಿಲೆಯವರು ಕಾಲುನೋವಿಗೆ ಬಿಸಿಶಾಖ ಕೊಟ್ಟುಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಪಾದ, ಮೀನಖಂಡಗಳಲ್ಲಿ ಸ್ಪರ್ಶಜ್ಞಾನ ಕುಂದಿರುವವರಿಗೆ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಬಿಸಿನೀರಿನ ಚೀಲಕ್ಕೆ ದಪ್ಪ ಬಟ್ಟೆ ಸುತ್ತಿ, ಮೊದಲು ಮುಂಗೈಗೆ ಮುಟ್ಟಿಸಿ ನೋಡಿ, ಅದನ್ನು ಇಟ್ಟುಕೊಂಡು ನಿದ್ದೆಹೋಗಬೇಡಿ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಬಿಗಿದು ನೋಯುವುದು, ನಿಂತರೆ ಎರಡು ಮೂರು ನಿಮಿಷದಲ್ಲಿ ಕಡಿಮೆಯಾಗುವುದು, ಮತ್ತೆ ಅಷ್ಟೇ ದೂರ ನಡೆದರೆ ಮರಳುವುದು, ಇಂಥ ನೋವು ರಕ್ತನಾಳ ಕಿರಿದಾದುದರ ಸೂಚನೆ. ಸಕ್ಕರೆ ಕಾಯಿಲೆಯವರೂ ಬೀಡಿ ಸಿಗರೇಟು ಸೇದುವವರೂ ಇದನ್ನು ವಯಸ್ಸಿನ ದಣಿವೆಂದು ತಳ್ಳಿಹಾಕಬಾರದು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಲೇಬಾರದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮುಂದಿನ ಬಾರಿ ಗುಡ್ಡಕ್ಕೆ ಹೋಗುವ ಮನಸ್ಸಿದ್ದರೆ ಖಂಡಿತ ಹೋಗಿ. ಸಕ್ಕರೆ ಹತೋಟಿಗೂ ಅದು ಒಳ್ಳೆಯದು. ಮೂರು ನಾಲ್ಕು ವಾರ ಮೊದಲೇ ಮನೆಯಲ್ಲಿ ಈ ಅಭ್ಯಾಸ ಮಾಡಿ: ಗೋಡೆಗೆ ತಾಗಿಸಿಟ್ಟ ಗಟ್ಟಿಯಾದ ಕುರ್ಚಿಯ ಮುಂದೆ ನಿಂತು, ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತಾ ಮೆಲ್ಲನೆ ಕುಳಿತುಕೊಳ್ಳಿ, ಸಹಜವಾಗಿ ಏಳಿ. ಎಂಟು ಹತ್ತು ಸಲ, ವಾರಕ್ಕೆ ಮೂರು ದಿನ. ಇಳಿಜಾರಿನಲ್ಲಿ ತೊಡೆ ಮಾಡಬೇಕಾದ ಕೆಲಸವನ್ನು ಇದು ಸ್ವಲ್ಪ ಸ್ವಲ್ಪವಾಗಿ ಕಲಿಸುತ್ತದೆ. ನಿಮ್ಮ ಊರಿನಲ್ಲಿ ರಸ್ತೆಯಿಂದ ತೋಟಕ್ಕೆ ಇಳಿಯುವ ದಾರಿಯೇ ಸಾಕಷ್ಟು ತಗ್ಗಾಗಿರುವುದರಿಂದ ದಿನಕ್ಕೊಮ್ಮೆ ಅದನ್ನು ನಿಧಾನವಾಗಿ ಇಳಿದು ಹತ್ತಿದರೂ ಆದೀತು. ಗುಡ್ಡ ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಕೈಯಲ್ಲಿ ಕೋಲಿರಲಿ, ನೇರವಾಗಿ ಇಳಿಯದೆ ಓರೆಯಾಗಿ ಇಳಿಯಿರಿ.

ಪ್ರಶ್ನೆ: 12 ವರ್ಷದ ನನ್ನ ಮಗಳು ಕುಂಬಳೆ ಬಳಿ ಯಕ್ಷಗಾನ ನಾಟ್ಯ ತರಗತಿಗೆ ಸೇರಿದ್ದಾಳೆ. ದಿಗಿಣ ಕಲಿಸಲು ಶುರುಮಾಡಿದ ಮೇಲೆ ಮೀನಖಂಡ ನೋಯುತ್ತದೆಂದು ಹೇಳುತ್ತಾಳೆ. ಕೆಲವು ರಾತ್ರಿ ಕಾಲು ಹಿಡಿದುಕೊಂಡು ಎಚ್ಚರವಾಗಿ ಅಳುತ್ತಾಳೆ. ತರಗತಿ ಬಿಡಿಸಬೇಕೇ?

ಉತ್ತರ: ಬಿಡಿಸಬೇಡಿ. ತೆಂಕುತಿಟ್ಟಿನ ಕುಣಿತ ಕಾಲಿನ ಕಲೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ಹೆಣ್ಣುಮಗಳೊಬ್ಬಳು ಅದನ್ನು ಕಲಿಯುತ್ತಿರುವುದು ನನಗೆ ಸಂತೋಷದ ಸಂಗತಿ. ದಿಗಿಣದಲ್ಲಿ ಹಾರಿ ಇಳಿದಾಗಲೆಲ್ಲ ಮೀನಖಂಡ ಹಿಗ್ಗುತ್ತಾ ಭಾರ ತಡೆಯುತ್ತದೆ, ಹೊಸದರಲ್ಲಿ ನೋಯುವುದು ಸಹಜ. ಗುರುಗಳಿಗೆ ವಿಷಯ ತಿಳಿಸಿ, ಕೆಲವು ದಿನ ದಿಗಿಣದ ಸಂಖ್ಯೆ ಕಡಿಮೆ ಮಾಡಿಸಿ. ಆ ಹೊತ್ತಿನಲ್ಲಿ ತಾಳ, ಮುಖಾಭಿನಯ, ಕೈಯ ಚಲನೆಗಳನ್ನು ಕಲಿಯಲಿ. ಸಿಮೆಂಟ್ ನೆಲಕ್ಕಿಂತ ಮಣ್ಣಿನ ಅಂಗಳವೋ ಮರದ ಹಲಗೆಯೋ ಕಾಲಿಗೆ ಹಿತ.

ರಾತ್ರಿಯದು ಬೇರೆ ಸಂಗತಿ. ಅದು ಸ್ನಾಯು ತಾನಾಗಿ ಬಿಗಿದುಕೊಳ್ಳುವ ಸೆಳೆತ. ಹಿಡಿದುಕೊಂಡಾಗ ಮಂಡಿಯನ್ನು ನೇರ ಮಾಡಿ, ಕಾಲ್ಬೆರಳುಗಳ ಬುಡವನ್ನು ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಒತ್ತಿ ಹಿಡಿಯಿರಿ, ಅರ್ಧ ನಿಮಿಷದಲ್ಲಿ ಬಿಡುತ್ತದೆ. ಮಲಗುವ ಮೊದಲು ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲಕ್ಕೆ ತಾಗಿಸಿ ಒಂದೊಂದೇ ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸ ಮಾಡಿಸಿ ನೋಡಿ. ಮೊದಲ ಉತ್ತರದಲ್ಲಿ ಸ್ನಾಯು ಎಳೆಯುವುದರಿಂದ ಹೆಚ್ಚು ಲಾಭವಿಲ್ಲ ಎಂದದ್ದು ವ್ಯಾಯಾಮದ ನಂತರದ ನೋವಿನ ವಿಚಾರಕ್ಕೆ. ಸೆಳೆತ ಹಿಡಿದ ಹೊತ್ತಿನಲ್ಲಿ ಮಾತ್ರ ಅದೇ ಸರಿಯಾದ ಉಪಾಯ. ಹಿಮ್ಮಡಿಯ ಹಿಂಭಾಗದಲ್ಲಿ ಅಥವಾ ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನ ಮೇಲೆ ಒತ್ತಿದಾಗ ನೋವಿದ್ದು ಅದು ವಾರಗಟ್ಟಲೆ ಹೋಗದಿದ್ದರೆ, ಬೆಳೆಯುವ ಮೂಳೆಯ ತುದಿಗೆ ಒತ್ತಡ ಬೀಳುತ್ತಿರಬಹುದು. ಆಗ ಮೂಳೆ ತಜ್ಞರಿಗೆ ತೋರಿಸಿ. ಮಗು ಕುಂಟುತ್ತಿದ್ದರೆ, ಜ್ವರವಿದ್ದರೆ, ಒಂದೇ ಕಾಲಿನಲ್ಲಿ ನೋವಿದ್ದರೆ ಕಾಯುವುದು ಬೇಡ.

ಪ್ರಶ್ನೆ: ಮುಳ್ಳೇರಿಯ ಕಡೆಯ ಕೃಷಿಕ ನಾನು. ಕಳೆದ ಆಟಿ ತಿಂಗಳಲ್ಲಿ ನನ್ನ ತಮ್ಮ ಕೆಸರುಗದ್ದೆಯ ಆಟದಲ್ಲಿ ಹಗ್ಗಜಗ್ಗಾಟ, ಓಟ ಎಲ್ಲವನ್ನೂ ಆಡಿದ್ದ. ವಾರ ಕಳೆದು ಮೀನಖಂಡಗಳಲ್ಲಿ ತೀವ್ರ ನೋವು ಬಂತು. ಆಟದ ದಣಿವೆಂದು ಎರಡು ದಿನ ಎಣ್ಣೆ ತಿಕ್ಕಿದೆವು. ಜ್ವರ ಏರಿ ಆಸ್ಪತ್ರೆಗೆ ಸೇರಿಸಿದಾಗ ಇಲಿಜ್ವರವೆಂದು ತಿಳಿಯಿತು. ದೇವರ ದಯದಿಂದ ಗುಣವಾದ. ಮೊದಲೇ ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ನಮ್ಮ ಗಡಿನಾಡಿನ ಪ್ರತಿ ಕೃಷಿಕನೂ ಓದಬೇಕು. ತಮ್ಮ ಗುಣವಾದದ್ದು ತಿಳಿದು ಸಮಾಧಾನವಾಯಿತು.

ಇಲಿಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ಹೆಗ್ಗಣ, ಜಾನುವಾರುಗಳ ಮೂತ್ರದ ಮೂಲಕ ನೀರಿಗೂ ಕೆಸರಿಗೂ ಸೇರುತ್ತದೆ. ಕಾಲಿನ ಗಾಯ, ಬಿರುಕು, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿಗಳ ಮೂಲಕ ದೇಹಕ್ಕೆ ನುಗ್ಗುತ್ತದೆ. ಮೀನಖಂಡದ ನೋವು ಈ ರೋಗದ ಬಹು ಮುಖ್ಯ ಲಕ್ಷಣವಾಗಿರುವುದರಿಂದಲೇ ದಣಿವಿನ ನೋವೆಂದು ಮೋಸಹೋಗುವ ಅಪಾಯವಿದೆ.

ಬೇರೆ ಮಾಡಿ ನೋಡಲು ದಿನಗಳನ್ನು ಎಣಿಸಿ. ದಣಿವಿನ ನೋವು ಆಟದ ಮರುದಿನವೋ ಮೂರನೆಯ ದಿನವೋ ಬಂದು ಆಮೇಲೆ ಇಳಿಯುತ್ತದೆ. ಇಲಿಜ್ವರ ಕೆಸರಿಗಿಳಿದ ಸಾಮಾನ್ಯವಾಗಿ 5ರಿಂದ 14 ದಿನಗಳ ಬಳಿಕ ಕಾಣಿಸಿಕೊಳ್ಳುತ್ತದೆ. ನಿಮ್ಮ ತಮ್ಮನಿಗೆ ನೋವು ವಾರ ಕಳೆದು ಬಂತೆಂಬ ಒಂದೇ ಅಂಶ ಸಂಶಯಕ್ಕೆ ಸಾಕು. ಎರಡನೆಯದು ಜ್ವರ. ಓಡಿ ಆಡಿ ನೊಂದ ಸ್ನಾಯು ಜ್ವರ ತರುವುದಿಲ್ಲ. ಚಳಿಯೊಂದಿಗೆ ಏರುವ ಜ್ವರ, ತಲೆನೋವು, ಸೊಂಟನೋವು, ಪಿಚ್ಚಿಲ್ಲದೆ ಕೆಂಪಾದ ಕಣ್ಣು, ಇವು ಮೀನಖಂಡದ ನೋವಿನ ಜೊತೆಗೆ ಇದ್ದರೆ ಅದೇ ದಿನ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೋದಾಗ ಗದ್ದೆಗೆ, ತೋಡಿಗೆ, ತೋಟದ ಕಣಿಗೆ ಇಳಿದಿದ್ದೆವೆಂಬುದನ್ನು ಬಾಯಿಬಿಟ್ಟು ಹೇಳಿ. ವೈದ್ಯರಿಗೆ ಆ ಒಂದು ಮಾತು ದಾರಿ ತೋರಿಸುತ್ತದೆ. ಮೊದಲ ದಿನಗಳಲ್ಲಿ ಸಾಮಾನ್ಯ ಪ್ರತಿಜೀವಕಗಳಿಂದಲೇ ಗುಣವಾಗುವ ರೋಗವಿದು. ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟುವ ಹಂತಕ್ಕೆ ಬಂದರೆ ಪ್ರಾಣಾಪಾಯವಿದೆ. ಜ್ವರವಿರುವಾಗ ನೋವಿನ ಮಾತ್ರೆಗಳನ್ನು ತಾವಾಗಿ ನುಂಗುವುದು ಮೂತ್ರಪಿಂಡಗಳಿಗೆ ಇನ್ನಷ್ಟು ಹಾನಿ.

ಕಾಲಿನಲ್ಲಿ ಗಾಯವಿರುವವರು ಕೆಸರುಗದ್ದೆಯ ಆಟಕ್ಕೆ ಇಳಿಯದಿರುವುದು ಲೇಸು. ಆಟ ಮುಗಿದೊಡನೆ ಶುದ್ಧ ನೀರಿನಲ್ಲಿ ಸಾಬೂನು ಹಚ್ಚಿ ಕಾಲು ತೊಳೆಯಬೇಕು. ತೋಟದ ಕಣಿ ಬಿಡಿಸುವವರಿಗೆ ಗಂಬೂಟು ಬೇಕು. ಮಳೆಗಾಲದುದ್ದಕ್ಕೂ ನೀರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೇರಳದ ಸರಕಾರಿ ಆರೋಗ್ಯ ಕೇಂದ್ರಗಳು ಕೊಡುತ್ತವೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಮಳೆಗಾಲಕ್ಕೆ ಮೊದಲೇ ಕೇಳಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಖಾಲಿ ಹೊಟ್ಟೆಗೆ ನುಂಗದೆ, ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದೆ ಅರ್ಧ ಗಂಟೆ ಕುಳಿತಿರಬೇಕು.